ಈಶಾನ್ಯ ಮೂಲೆಯ ಇಸಾನೋ

ಧಾರೇಶ್ವರ,
ಸೋಮವಾರ, ೩-೧೧-೨೦೨೫

ಚಿ.                    ಧನ್ಯಾಳಿಗೆ,

ವಿಶಾಲನ ಅಮ್ಮ ಮಂಗಲಾ ಮಾಡುವ ಆಶೀರ್ವಾದ. 'ಚಿ.' ಆದ ಮೇಲೆ ಸ್ವಲ್ಪ ಜಾಗ ಬಿಟ್ಟಿದ್ದೇನೆ, ನೋಡಿರಬಹುದು. ಪೆನ್ನು ಕೈಕೊಟ್ಟದ್ದಲ್ಲ. ಆ ಜಾಗದ ಸುದ್ದಿ ಕೊನೆಯಲ್ಲಿ ಬರೆಯುತ್ತೇನೆ.

ಇಂದು ಕಾರ್ತಿಕದ ಎರಡನೇ ಸೋಮವಾರ, ನನಗೆ ಒಪ್ಪತ್ತು. ಬೆಳಿಗ್ಗೆ ಎದ್ದು ಅಂಗಳ ಗುಡಿಸಿದೆ. ನಿನ್ನೆ ತುಳಸಿ ಮದುವೆ ಆದದ್ದರಿಂದ ಕಟ್ಟೆಯ ಸುತ್ತ ಕಬ್ಬಿನ ಗರಿ, ನೆಲ್ಲಿಯ ಎಲೆ, ಸುಟ್ಟ ಪಟಾಕಿಯ ಕಾಗದ ಎಲ್ಲ ಸೇರಿ ಎರಡು ಬುಟ್ಟಿ ಆತು. ದನಕ್ಕೆ ಅಕ್ಕಚ್ಚು ಇಟ್ಟು, ಮಿಂದು, ಧಾರಾನಾಥನ ದೇವಸ್ಥಾನಕ್ಕೆ ಹೋಗಿ ಬಂದು, ವಿಶಾಲನ ಅಪ್ಪನಿಗೆ ಮಧ್ಯಾಹ್ನದ ಅನ್ನ ಸಾರು ಮುಚ್ಚಿಟ್ಟು ಈಗ ಜಗಲಿಯಲ್ಲಿ ಕೂತಿದ್ದೇನೆ. ಹೊಟ್ಟೆಯಲ್ಲಿ ಒಂದು ಲೋಟ ಹಾಲು ಬಿಟ್ಟರೆ ಬೇರೆ ಎಂತದೂ ಇಲ್ಲ. ಉಪವಾಸದ ದಿನ ಸುಳ್ಳು ಬರೆಯಲು ಕೈ ಬರುವುದಿಲ್ಲ. ಅದಕ್ಕೇ ಈ ದಿನ ಆರಿಸಿಕೊಂಡೆ.

ಫೋನಿನಲ್ಲೇ ಹೇಳಬಹುದಿತ್ತು ಎಂದು ನೀನು ಅಂದುಕೊಳ್ಳಬಹುದು. ಫೋನಿನಲ್ಲಿ ಆಚೆಯವರು 'ಹಲೋ' ಎಂದ ಕೂಡಲೇ ನನಗೆ ಅರ್ಧ ಮರೆತುಹೋಗುತ್ತದೆ. ಉಳಿದ ಅರ್ಧ, ಇವತ್ತು ಅಡುಗೆ ಎಂತ ಎಂದು ಕೇಳುವುದರಲ್ಲಿ ಮುಗಿಯುತ್ತದೆ. ನಾನು ಮಿರ್ಜಾನದ ಶಾಲೆಯಲ್ಲಿ ಏಳನೇ ತರಗತಿಯವರೆಗೆ ಕಲಿತವಳು. ಬೇರೆ ವಿಷಯಕ್ಕೆಲ್ಲ ಬೈಸಿಕೊಂಡರೂ ಪತ್ರ ಬರೆಯುವುದಕ್ಕೆ ಅಕ್ಕೋರು ನನ್ನನ್ನೇ ಎಬ್ಬಿಸಿ ನಿಲ್ಲಿಸಿ ಓದಿಸುತ್ತಿದ್ದರು. ಆ ಧೈರ್ಯದ ಮೇಲೆ ಬರೆಯುತ್ತಿದ್ದೇನೆ.

ಕಳೆದ ತಿಂಗಳು ಹನ್ನೆರಡನೇ ತಾರೀಕು, ಭಾನುವಾರ, ನೀವೆಲ್ಲ ನಮ್ಮ ಮನೆ ನೋಡಲು ಬಂದಿರಿ. ನಿಶ್ಚಯದ ದಿನ ಗೊತ್ತು ಮಾಡುವುದೊಂದು ಬಾಕಿ ಇತ್ತು. ಬಂದವರು ಚಾ ಕುಡಿದು ಹೋದಿರಿ, ಎರಡು ದಿನ ಬಿಟ್ಟು ನಿನ್ನ ಸೋದರಮಾವ ಸುಧಾಕರ ಅವರು ಫೋನ್ ಮಾಡಿ ಹುಡುಗಿಗೆ ಮನಸ್ಸಿಲ್ಲ ಎಂದರು. ಎಂತಕ್ಕೆ ಎಂದು ವಿಶಾಲನ ಅಪ್ಪ ಕೇಳಿದರು. "ನಿಮ್ಮ ಹುಡುಗ ಅಲ್ಲೊಂದು ಮಾತು, ಇಲ್ಲೊಂದು ಮಾತು ಆಡ್ತಾನಂತೆ. ಅಂಥವನ ಹತ್ರ ಸಂಸಾರ ಮಾಡುಕೆ ಆಗುದಿಲ್ಲ ಅಂತಾಳೆ. ನಡುವೆ ಎಂತದೋ ಗೊಂಬೆ ಸುದ್ದಿ ಬೇರೆ, ನಂಗೆ ತಲೆ ಬುಡ ತಿಳೀಲಿಲ್ಲ" ಎಂದರಂತೆ.

ಆ ಗೊಂಬೆಯ ತಲೆಯೂ ಬುಡವೂ ನಾನೇ. ಹೇಗೆ ಎಂದು ಹೇಳುತ್ತೇನೆ.

ವಿಶಾಲ ತದಡಿಯಲ್ಲಿ ಬೋಟಿನ ಎಂಜಿನ್ ರಿಪೇರಿ ಮಾಡುವವ, ನಿನಗೆ ಗೊತ್ತಿದ್ದದ್ದೇ. ಶ್ರಾವಣ ಶುರುವಾಗುವ ಹೊತ್ತಿಗೆ ಅವನ ಹೆಸರಿಗೆ ಒಂದು ಪಾರ್ಸೆಲ್ ಬಂತು. ಅವ ಕೆಲಸಕ್ಕೆ ಹೋಗಿದ್ದ, ನಾನೇ ಬಿಚ್ಚಿದೆ. ಒಳಗೆ ಒಂದು ಗೇಣುದ್ದದ ಮೂರ್ತಿ. ತಲೆಯ ಮೇಲೆ ಎತ್ತಿ ಕಟ್ಟಿದ ಜಟೆ. ಮೈಯೆಲ್ಲ ಬೂದಿ ಬಣ್ಣ. ಕುತ್ತಿಗೆ ನೀಲಿ. ಹಣೆಯ ನಡುವೆ ಮೇಲಿಂದ ಕೆಳಗೆ ಒಂದು ಗೆರೆ. ಕೈಯಲ್ಲಿ ಕೋಲು. ನೀನೇ ಹೇಳು, ಮದುವೆಯಾಗಿ ಬಂದ ವರ್ಷದಿಂದ ಸೋಮವಾರ ಒಪ್ಪತ್ತು ಮಾಡುವವಳ ಕಣ್ಣಿಗೆ ಬೇರೆ ಯಾರು ಕಾಣಬೇಕು? ಆದರೂ ಸುಮ್ಮನೆ ಕೂರಲಿಲ್ಲ, ಅವನಿಗೆ ಫೋನ್ ಮಾಡಿ ಇದು ಯಾರೋ ಎಂದು ಕೇಳಿದೆ. ಎಂಜಿನ್ನಿನ ಸದ್ದಿನ ನಡುವೆ ಅವ "ಇಸಾನೋ" ಎಂದ. ನನಗೆ "ಈಶಾನ" ಎಂದು ಕೇಳಿತು. ಈಶಾನ ಎಂದರೆ ನಮ್ಮ ಶಿವನೇ ಅಲ್ಲವಾ. ಹೆಸರೂ ಕೂಡಿ ಬಂತು, ರೂಪವೂ ಕೂಡಿ ಬಂತು. ದೇವರ ಕೋಣೆಯ ಈಶಾನ್ಯ ಮೂಲೆಯಲ್ಲಿ ಮಣೆ ಹಾಕಿ ಕೂರಿಸಿದೆ. ಹಣೆಯ ಗೆರೆಯ ಮೇಲೆ ಕುಂಕುಮ ಹಚ್ಚಿದೆ. ಮೂರನೇ ಕಣ್ಣು ಮುಚ್ಚಿಕೊಂಡ ಶಾಂತ ಸ್ವರೂಪ ಎಂದು ನನಗೆ ಮತ್ತೂ ಸಮಾಧಾನ.

ಅಂದು ಸಂಜೆ ವಿಶಾಲ ಬಂದು ದೇವರ ಕೋಣೆಯ ಬಾಗಿಲಲ್ಲಿ ಬಹಳ ಹೊತ್ತು ನಿಂತ. "ಅಮ್ಮ, ಇವ್ನಿಗೂ ಆರತಿ ಆತಾ?" ಎಂದ. ಆತು ಎಂದೆ. "ಹಾಗಾದ್ರೆ ಇರ್ಲಿ ಬಿಡು" ಎಂದು ಕೈಕಾಲು ತೊಳೆಯಲು ಹೋದ. ಎಂತಕೆ ಹೇಳಲಿಲ್ಲ ಎಂದು ಈಗ ಕೇಳಿದರೆ, "ನೀನು ಕಣ್ಣು ಮುಚ್ಚಿ ಕೈ ಮುಗಿದು ಕೂತಿದ್ದೆ. ಅದ್ರ ನಡುವೆ ಹೋಗಿ ಜಪಾನಿನ ಕಾರ್ಟೂನು ಅಂತ ಹ್ಯಾಗೆ ಹೇಳುದು?" ಎನ್ನುತ್ತಾನೆ. ಅವನಿಗೆ ಒಂದೊಂದು ಸೋಮವಾರ ಕಳೆದಂತೆ ಹೇಳುವುದು ಇನ್ನೂ ಕಷ್ಟವಾಯಿತಂತೆ. ಹೀಗೆ ಇಸಾನೋ ನಮ್ಮ ಮನೆಯಲ್ಲಿ ಹನ್ನೊಂದು ಸೋಮವಾರ ಬಿಲ್ವಪತ್ರೆ ಏರಿಸಿಕೊಂಡ.

ಈ ನಡುವೆ ನವರಾತ್ರಿಯಲ್ಲಿ ನಿನ್ನನ್ನು ನೋಡಲು ಹೊನ್ನಾವರಕ್ಕೆ ಬಂದೆವು. ನೀವಿಬ್ಬರೂ ತಾರಸಿಗೆ ಹೋಗಿ ಒಂದು ತಾಸು ಮಾತಾಡಿದಿರಿ. ಕೆಳಗೆ ನಾವು ಶಿರಾ ತಿಂದು, ಎಲೆಯಡಿಕೆಯ ಕವಳ ಹಾಕಿ, ಮಾತಿಗೆ ವಿಷಯವಿಲ್ಲದೆ ಫ್ಯಾನು ನೋಡುತ್ತ ಕೂತರೂ ಮೇಲಿಂದ ನಗೆ ನಿಲ್ಲಲಿಲ್ಲ. ನಿನ್ನ ಅಮ್ಮ ಕಲ್ಪನಾ ನನ್ನ ಮೊಣಕೈ ತಿವಿದು, "ಜಗಳ ಮಾಡ್ತಿದ್ದಾರೆ, ಕೇಳಿ" ಎಂದು ಖುಷಿಪಟ್ಟರು. ಬರುವಾಗ ಎಂತ ಜಗಳವೋ ಎಂದು ಕೇಳಿದ್ದಕ್ಕೆ ವಿಶಾಲ, "ಒಂದು ಸೀರಿಯಲ್ಲಿನ ಮನುಷ್ಯ ಅಮ್ಮ. ನಾನು ಹೀರೋ ಅಂದೆ, ಅವ್ಳು ವಿಲನ್ ಅಂದ್ಲು. ಒಂದು ಮಾತಿಗೆ ಮಾತ್ರ ಇಬ್ರೂ ಒಪ್ಪಿದ್ದು. ಅವ್ನ ದೇವ್ರು ಅಂತ ತಿಳ್ಕಂಬವ್ರಿಗೆ ಕಥೆ ತಿಳಿದಿಲ್ಲ ಅಂತ" ಎಂದ. ಹೇಳಿ ನನ್ನ ಮುಖ ನೋಡಿದ. ಆ ನೋಟದ ಅರ್ಥ ಆಗ ಆಗಲಿಲ್ಲ. ಅವನ ಮುಖ ಅಷ್ಟು ಅರಳಿದ್ದನ್ನು ನೋಡಿದ ಸಂತೋಷದಲ್ಲಿ ನನಗೆ ಬೇರೆ ಎಂತದೂ ಬೇಡವಾಗಿತ್ತು.

ಆಮೇಲೆ ಆ ಭಾನುವಾರ. ನೀನು ಬಂದವಳೇ ದೇವರಿಗೆ ಕೈ ಮುಗಿಯುತ್ತೇನೆ ಎಂದೆ. ನನಗೆ ಮನಸ್ಸು ತುಂಬಿತು. ಒಳಗೆ ಹೋದರೆ ಗಣಪತಿ, ಧಾರಾನಾಥನ ಫೋಟೋ, ಅದರ ಪಕ್ಕದಲ್ಲಿ ಕಿವಿಗೆ ಬಿಲ್ವ ಸಿಕ್ಕಿಸಿಕೊಂಡು ನಿನ್ನ ವಿಲನ್. ಮೊದಲು ನಿನಗೆ ನಗೆ ಬಂತು, ನಾನು ನೋಡಿದ್ದೇನೆ. ಅದು ಅರ್ಧದಲ್ಲೇ ನಿಂತಿತು. "ಇದನ್ನ ಇಲ್ಲಿಟ್ಟವ್ರು ಯಾರು?" ಎಂದು ಕೇಳಿದೆ. ನನ್ನ ಹಿಂದೆ ಮಾಲತಿ ಅತ್ತಿಗೆ ನಿಂತಿದ್ದಳು. ಅವಳು ನನ್ನ ಅಣ್ಣನ ಹೆಂಡತಿ. ಇಲ್ಲಿ ನನ್ನ ಸೀರೆಯ ನೆರಿಗೆ ಜಾರಿದರೆ ಸಂಜೆಯೊಳಗೆ ಕುಮಟಾ ಪೇಟೆಗೆ ತಿಳಿಸುವವಳು. ನನ್ನ ಕೈಯಲ್ಲಿ ಚಾದ ತಟ್ಟೆ. ನಾನು ಬಾಯಿ ತೆರೆಯುವುದರೊಳಗೆ ವಿಶಾಲ, "ನಾನೇ ಇಟ್ಟದ್ದು" ಎಂದುಬಿಟ್ಟ.

ಧನ್ಯಾ, ಇಟ್ಟವಳು ನಾನು. ಅವ ಹಾಗೆ ಹೇಳಿದ್ದು ಅಷ್ಟು ಜನರ ಎದುರು ನಾನು ನಗೆಪಾಟಲಾಗಬಾರದು ಎಂದು. ಆಗ ನಾನು ಬಾಯಿ ಬಿಡಬೇಕಿತ್ತು. ಎಂತದೋ ತಪ್ಪಾಗಿದೆ ಎಂದು ಗೊತ್ತಾಯಿತು, ಎಂತ ಎಂದು ಗೊತ್ತಾಗಲಿಲ್ಲ. ಗೊತ್ತಾಗದಿದ್ದರೂ ಇಟ್ಟವಳು ನಾನು ಎಂಬುದಂತೂ ಗೊತ್ತಿತ್ತು. ಆದರೂ ನಾನು ಎಲ್ಲರಿಗೂ ಅವಲಕ್ಕಿ ಕೊಟ್ಟೆ. ನಿನಗೂ ಕೊಟ್ಟೆ. ನೀನು ಮುಟ್ಟಲಿಲ್ಲ.

ನೀವು ಹೋದ ಮೇಲೆ ವಿಶಾಲ ಎಲ್ಲ ಹೇಳಿದ. ಅವನ ಅಪ್ಪ ಹಣೆ ಬಡಿದುಕೊಂಡು, "ನಾನು ನೇಪಾಳದ ದೇವ್ರು ಅಂದ್ಕಂಡಿದ್ದೆ ಮಾರಾಯ್ತಿ. ಚೌತಿ ದಿನ ಅಡ್ಡ ಬಿದ್ದು ಮೊಣಕಾಲು ನೋವು ಕಡಿಮೆ ಮಾಡು ಅಂತ ಬೇರೆ ಕೇಳ್ಕಂಡಿದ್ದೆ" ಎಂದರು. ಕಡಿಮೆ ಆತಾ ಎಂದು ಕೇಳಿದೆ. ಸ್ವಲ್ಪ ಆತು ಎಂದರು. ನಾನು ಮತ್ತೊಮ್ಮೆ ಮಿಂದು, ಇಸಾನೋನನ್ನು ಎತ್ತಿಕೊಂಡು ಹೋಗಿ ಬಾವಿಕಟ್ಟೆಯ ಮೇಲೆ ಕೂರಿಸಿ, ಕುಂಕುಮ ಹೋಗಲಿ ಎಂದು ದೇವರ ಪಾತ್ರೆ ತಿಕ್ಕುವ ಹಾಗೆ ಹುಣಸೆಹಣ್ಣು ಹಾಕಿ ತಿಕ್ಕಿದೆ. ಕುಂಕುಮ ಹೋಗಲಿಲ್ಲ, ಮೂಗಿನ ಬಣ್ಣ ಹೋಯಿತು.

ನಿನ್ನ ಮಾವನ ಫೋನ್ ಬಂದ ಮೇಲೂ ವಿಶಾಲ ಊಟ ಮಾಡುತ್ತಾನೆ, ಕೆಲಸಕ್ಕೆ ಹೋಗುತ್ತಾನೆ. ಬೈಕಿನ ಮೇಲೆ ಬರುವಾಗ ಹಾಡು ಹೇಳುತ್ತ ಬರುವವ ಈಗ ಬಾಯಿ ಮುಚ್ಚಿಕೊಂಡು ಬರುತ್ತಾನೆ. ನಾನೇ ಹೋಗಿ ಹೇಳಿ ಬರುತ್ತೇನೆ ಎಂದರೆ, "ಬೇಡ ಅಮ್ಮ, ನಿನ್ನ ಹೆಸ್ರು ಹೇಳಿ ನಾನು ಒಳ್ಳೆಯವ ಆಗುದು ಬೇಡ" ಎಂದ. ಆಗ ನಾನು ನಿಶ್ಚಯ ಮಾಡಿದೆ. ನಮ್ಮ ಮನೆಯ ಮದುವೆ ನಿಲ್ಲಿಸಿದ ಈ ಮಹಾಪುರುಷ ಯಾರು, ಹನ್ನೊಂದು ವಾರ ನನ್ನ ಬಿಲ್ವ ತೆಗೆದುಕೊಂಡವ ಯಾರು ಎಂದು ನೋಡಲೇಬೇಕು. ನೋಡದೆ ನಿನಗೆ ಬರೆಯುವುದು ಎಂತದನ್ನು?

ಇಪ್ಪತ್ತನಾಲ್ಕು ಕಂತು. ಎಲ್ಲ ನೋಡಿದೆ. ಮಧ್ಯಾಹ್ನ ಪಾತ್ರೆ ತೊಳೆದ ಮೇಲೆ, ಮೀನು ಮಾರಿ ಬುಟ್ಟಿ ಖಾಲಿ ಮಾಡಿಕೊಂಡು ಬರುವ ನಾಗುವನ್ನು ಜೊತೆಗೆ ಕೂರಿಸಿಕೊಂಡು. ಜಪಾನಿನದ್ದಾದರೂ ಅದರಲ್ಲಿ ಮಾತಾಡುವುದು ಹಿಂದಿಯಲ್ಲಿ. ನನಗೆ ಹಿಂದಿ ಧಾರಾವಾಹಿಯಷ್ಟು ಬರುತ್ತದೆ, ನಾಗುಗೆ ಬಂದರಿನಷ್ಟು. ಇಬ್ಬರದೂ ಸೇರಿ ಸಾಕಾಯಿತು.

ಕಥೆ ನಿನಗೆ ಗೊತ್ತಿದ್ದರೂ ನನಗೆ ತಿಳಿದದ್ದು ಸರಿಯೋ ಎಂದು ನೋಡು. ಬೆಟ್ಟದ ಮೇಲೊಂದು ಅಣೆಕಟ್ಟು, ಅದರ ಕಾವಲುಗಾರ ಈ ಇಸಾನೋ. ಕೆಳಗಿನ ಪಟ್ಟಣದಲ್ಲಿ ರಾಜ ಏಳು ಹಳ್ಳಿ ಸುಡುವ ಮದ್ದು ತಯಾರಿಸಿ ಇಟ್ಟಿದ್ದಾನೆ. ಊರು ಬಿಟ್ಟು ಹೋಗಿ ಎಂದು ಇಸಾನೋ ಮೂರು ದಿನ ಪಟ್ಟಣದ ಬೀದಿಯಲ್ಲಿ ಕೂಗಿದ. ಹುಚ್ಚ ಎಂದು ಹಣೆಗೆ ಕಲ್ಲು ಹೊಡೆದರು. ಆ ಗೆರೆ ಅದೇ. ನಾಲ್ಕನೇ ದಿನ ಅವ ಕಟ್ಟು ಒಡೆದ. ಮದ್ದೂ ಮುಳುಗಿತು, ರಾಜನೂ ಮುಳುಗಿದ, ಪಟ್ಟಣದ ಜನವೂ ಮುಳುಗಿದರು. ಏಳು ಹಳ್ಳಿ ಉಳಿಯಿತು. ನಾನು ಕಂಠವೆಂದು ತಿಳಿದಿದ್ದ ನೀಲಿ ಒಂದು ಶಾಲು. ಸತ್ತವರ ಹೆಸರನ್ನು ಒಂದೊಂದಾಗಿ ಕೇಳಿ ತಿಳಿದು ಅದರ ಮೇಲೆ ಹೊಲಿಯುತ್ತ ಅವ ಊರೂರು ತಿರುಗುತ್ತಾನೆ. ನನ್ನ ಮನೆಯ ಮೂರ್ತಿಯ ಕುತ್ತಿಗೆಯಲ್ಲೂ ಸಣ್ಣ ಸಣ್ಣ ಗೆರೆ ಇತ್ತು. ಅಲ್ಲಿ ದಿನಾ ಗಂಧ ಹಚ್ಚುತ್ತಿದ್ದೆ. ಅದು ಹೆಸರು ಎಂದು ಗೊತ್ತಾದ ಮಧ್ಯಾಹ್ನ ನಾನೂ ನಾಗುವೂ ಟಿವಿ ಬಂದ್ ಮಾಡಿದೆವು. ಆಮೇಲೆ ನಾಗು, "ಅಲ್ದೇ ಮಂಗಲಕ್ಕ, ಇವ್ನಿಗೆ ಮನೇಲಿ ಯಾರೂ ಇಲ್ಲನೇ? ಉಂಡ್ಯಾ ಅಂತ ಕೇಳುವವ್ರು ಒಬ್ರಿದ್ದಿದ್ರೆ ಬೇರೆ ಎಂತಾದ್ರೂ ದಾರಿ ಹುಡುಕ್ತಿದ್ದ" ಎಂದಳು.

ನಾನು ಉಪ್ಪುನೀರಿಗೆ ಕಟ್ಟು ಹಾಕಿ ಬೆಳೆಯುವ ಗಜನಿ ಗದ್ದೆಯ ಊರಿನಲ್ಲಿ ಹುಟ್ಟಿದವಳು. ಕಟ್ಟು ಒಡೆದು ಉಪ್ಪುನೀರು ನುಗ್ಗಿದರೆ ಎಂತಾಗುತ್ತದೆ ಎಂದು ಕಂಡವಳು. ನೀರಿಗೆ ರಾಜನ ಮನೆ ಯಾವುದು, ಬಾಣಂತಿಯ ಮನೆ ಯಾವುದು ಎಂದು ತಿಳಿಯುವುದಿಲ್ಲ. ಹಾಗಾಗಿ ನೀನು ವಿಲನ್ ಎಂದದ್ದು ನನಗೆ ಸುಮ್ಮನೆ ಮಾತಲ್ಲ. ಏಳು ಹಳ್ಳಿಯ ಮಕ್ಕಳು ಬೆಳಿಗ್ಗೆ ಎದ್ದು ಶಾಲೆಗೆ ಹೋಗುವುದನ್ನು ನೋಡಿದಾಗ ವಿಶಾಲ ಹೀರೋ ಎಂದದ್ದೂ ಸುಮ್ಮನೆ ಮಾತಲ್ಲ ಎನ್ನಿಸಿತು. ಎರಡೂ ಕಡೆ ತಲೆ ಆಡಿಸಿ ನನ್ನ ಕುತ್ತಿಗೆ ನೋವಾಯಿತು.

ನನಗೆ ನಿಜವಾಗಿ ಸಿಟ್ಟು ಬಂದದ್ದು ಹದಿನೇಳನೇ ಕಂತಿನಲ್ಲಿ. ದೀಪಾವಳಿಯ ಹಿಂದಿನ ದಿನ ನೋಡಿದ್ದು. ಇಸಾನೋ ಒಬ್ಬ ಮುದುಕಿಯ ಮನೆಗೆ ಹೋಗುತ್ತಾನೆ. ಅವಳ ಮಗ ಆ ನೀರಿನಲ್ಲೇ ಹೋದವ. ಅವಳು ಇವನನ್ನು ದಾರಿಹೋಕನೆಂದು ಕರೆದು, ಮಗನ ಬಟ್ಟಲಿನಲ್ಲೇ ಗಂಜಿ ಹಾಕಿ ಕೊಡುತ್ತಾಳೆ. ಇವ ತಲೆ ತಗ್ಗಿಸಿ ಉಣ್ಣುತ್ತಾನೆ. ನಾನೇ ಎಂದು ಹೇಳುವುದಿಲ್ಲ. ಉಂಡು, ಬಟ್ಟಲು ತೊಳೆದಿಟ್ಟು, ಹೆಸರು ಹೊಲಿದುಕೊಂಡು ಹೋಗುತ್ತಾನೆ. ನನಗೆ ಮೈಯೆಲ್ಲ ಉರಿಯಿತು. ನೀರು ಬಿಟ್ಟದ್ದಕ್ಕೆ ಅವನದೊಂದು ಕಾರಣ ಇತ್ತು. ಅವಳ ಎದುರು ಕೂತು ಸುಮ್ಮನೆ ಉಂಡದ್ದಕ್ಕೆ ಎಂತ ಕಾರಣ? ಹಾಗೆಂದು ನಾಗುವಿನ ಹತ್ತಿರ ದೊಡ್ಡದಾಗಿ ಹೇಳುತ್ತ ಇದ್ದವಳಿಗೆ, ಅವಲಕ್ಕಿಯ ತಟ್ಟೆ ಹಿಡಿದು ನಿಂತ ನನ್ನದೇ ಕೈ ಕಂಡಿತು.

ಹಬ್ಬದ ಮೂರು ದಿನ ಟಿವಿ ಹಾಕಲಿಲ್ಲ. ಹಂಡೆಗೆ ಬೂರೆ ಹಬ್ಬದ ನೀರು ತುಂಬಿ, ಎಣ್ಣೆ ಹಚ್ಚಿ ಮಿಂದು, ಎಂದಿನ ಹಾಗೆ ಕಲಶ ಇಟ್ಟು, ಹಿಂಡ್ಲೆಕಾಯಿಯ ಸರ ಹಾಕಿ ಬಲೀಂದ್ರನನ್ನು ಕೂರಿಸಿದೆವು. ನಿಮ್ಮಲ್ಲೂ ಕೂರಿಸಿರುತ್ತೀರಿ. ಆರತಿ ಎತ್ತುವಾಗ ನನ್ನ ಕೈ ನಿಂತಿತು. ಇಷ್ಟು ವರ್ಷ ಮಾಡುತ್ತ ಬಂದರೂ ಯೋಚನೆ ಮಾಡಿರಲಿಲ್ಲ ನೋಡು. ಬಲೀಂದ್ರ ದೇವರನ್ನೇ ಎದುರು ಹಾಕಿಕೊಂಡ ರಾಕ್ಷಸ ರಾಜ. ತುಳಿದು ಪಾತಾಳಕ್ಕೆ ಕಳುಹಿಸಿದ ದೇವರು ಒಳಗೆ ಪೀಠದ ಮೇಲೆ. ತುಳಿಸಿಕೊಂಡವ ಹೊರಗೆ ಮಣೆಯ ಮೇಲೆ. ಇಬ್ಬರಿಗೂ ದೀಪ ಎತ್ತುವವಳು ಒಬ್ಬಳೇ. ಸಣ್ಣವಳಿದ್ದಾಗ ಬಲೀಂದ್ರ ಒಳ್ಳೆಯವನಾ ಕೆಟ್ಟವನಾ ಎಂದು ನನ್ನ ಅಮ್ಮನನ್ನು ಕೇಳಿದ್ದೆ. ಅವಳು ಕಡುಬಿನ ಹಿಟ್ಟು ನಾದುತ್ತ, "ಅದೆಲ್ಲ ನಮ್ಗೆ ಎಂತಕೆ. ವರ್ಷಕ್ಕೊಂದ್ಸಲ ಬತ್ತಾನೆ. ಉಣ್ಣುಕೆ ಇಕ್ಕುದು, ಕಳ್ಸುದು. ದೇವ್ರ ಕೋಣೆಗೆ ಮಾತ್ರ ಕರೀಬೇಡ" ಎಂದಿದ್ದಳು.

ಹಾಗಾಗಿ ನನ್ನ ತೀರ್ಮಾನ ಇಷ್ಟು. ಇಸಾನೋ ದೇವರ ಕೋಣೆಯವನಲ್ಲ, ಅದು ನೀನು ಹೇಳಿದ್ದೇ ಸರಿ. ಹಿತ್ತಿಲಿಗೆ ಬಿಸಾಡಬೇಕಾದವನೂ ಅಲ್ಲ, ಅದು ವಿಶಾಲ ಹೇಳಿದ್ದು ಸರಿ. ಅವ ಜಗಲಿಯವ. ಅವನಿಗೊಂದು ಮಣೆ ಕೊಟ್ಟು, ಬಂದವರೆಲ್ಲ ಅವನ ಎದುರೇ ಅವನ ತಪ್ಪು ಒಪ್ಪು ಮಾತಾಡಬೇಕು. ಪಾಡ್ಯದ ದಿನ ಬಲೀಂದ್ರನನ್ನು ಕಳುಹಿಸಿದ ಮೇಲೆ ಆ ಮಣೆ ಖಾಲಿಯಾಯಿತು. ಅದೇ ಮಣೆಯ ಮೇಲೆ ಇಸಾನೋನನ್ನು ಇಟ್ಟಿದ್ದೇನೆ. ಮೂಗು ಬೋಳಾಗಿ, ಹಣೆ ಕೆಂಪಾಗಿ, ಚಾ ಕುಡಿಯಲು ಬಂದವರನ್ನೆಲ್ಲ ನೋಡುತ್ತ ಕೂತಿದ್ದಾನೆ. ನೀನು ಆಸ್ಪತ್ರೆಯ ಲ್ಯಾಬಿನಲ್ಲಿ ರಕ್ತ ನೋಡಿ ಇದು ಇಂಥ ಗುಂಪು ಎಂದು ಚೀಟಿ ಬರೆಯುವವಳು. ನಿನಗೆ ಈ ಉತ್ತರ ಸಾಲದಿರಬಹುದು. ಸಾಲದಿದ್ದರೆ ಬಂದು ಜಗಳ ಮಾಡು.

ನಿನ್ನ ಮಾತು ಬಿಟ್ಟುಕೊಡು ಎಂದು ನಾನು ಕೇಳುವುದಿಲ್ಲ. ನಾನೂ ವಿಶಾಲನ ಅಪ್ಪನೂ ಇಪ್ಪತ್ತೊಂಬತ್ತು ವರ್ಷದಿಂದ ಸಾರಿಗೆ ಬೆಲ್ಲ ಹಾಕಬೇಕೋ ಬೇಡವೋ ಎಂದು ಜಗಳ ಮಾಡುತ್ತ ಬಂದಿದ್ದೇವೆ. ಅದೊಂದು ಇರುವುದರಿಂದ ಬೇರೆ ಜಗಳಕ್ಕೆ ಪುರುಸೊತ್ತೇ ಆಗಲಿಲ್ಲ. ನಿನ್ನನ್ನು ಕೇಳುವುದು ಒಂದೇ. ವಿಶಾಲ ಅಲ್ಲೊಂದು ಮಾತು ಇಲ್ಲೊಂದು ಮಾತು ಆಡುವವ ಎಂದು ಮನಸ್ಸಿನಲ್ಲಿ ಬರೆದುಕೊಂಡಿದ್ದರೆ ಅದನ್ನು ಹೊಡೆದು ಹಾಕು. ತಾರಸಿಯ ಮೇಲೆ ಆಡಿದ್ದು ಅವನ ಮಾತು. ದೇವರ ಕೋಣೆಯಲ್ಲಿ ಆಡಿದ್ದು ನನಗೋಸ್ಕರ ಆಡಿದ ಸುಳ್ಳು. ಅಮ್ಮನಿಗಾಗಿ ಸುಳ್ಳು ಹೇಳಿದವ ಹೀರೋನೋ ವಿಲನ್ನೋ, ಅದನ್ನು ನೀನೇ ಹೇಳಬೇಕು. ನನಗೆ ಅವ ಮಗ, ನನ್ನ ಸಾಕ್ಷಿ ನಡೆಯುವುದಿಲ್ಲ.

ನಿನ್ನೆ ಕೊನೆಯ ಕಂತು ಮತ್ತೊಮ್ಮೆ ಹಾಕಿ ನೋಡಿದೆ. ಇಸಾನೋ ತಿರುಗಿ ಆ ಮುದುಕಿಯ ಮನೆಗೆ ಹೋಗಿ, ನಾನೇ ಎಂದು ಹೇಳುತ್ತಾನಲ್ಲ, ಅದು. ಅವಳು ಬೈಯುವುದಿಲ್ಲ, ಅಳುವುದಿಲ್ಲ. ಒಳಗೆ ಹೋಗಿ ಗಂಜಿಯ ಬಟ್ಟಲು ತಂದು ಅವನ ಮುಂದೆ ಇಟ್ಟು, ಕೋಳಿಗೆ ಕಾಳು ಹಾಕಲು ಹೊರಗೆ ಹೋಗುತ್ತಾಳೆ. ಅಲ್ಲಿಗೆ ಮುಗಿಯಿತು. "ಇಷ್ಟೇನಾ? ಉಂಡ್ನಾ ಇಲ್ಲನಾ ಹೇಳ್ಳೇ ಇಲ್ಲ" ಎಂದು ನಾಗು ಇನ್ನೂ ಬೈಯುತ್ತಿದ್ದಾಳೆ. ನನಗೆ ಅಷ್ಟು ಸಾಕಾಯಿತು. ಹೇಳಿದ ಮೇಲೆ ಬಟ್ಟಲು ಸಿಗಬಹುದು, ಸಿಗದೆಯೂ ಇರಬಹುದು. ಹೇಳುವುದು ಮಾತ್ರ ನಮ್ಮ ಕೈಯಲ್ಲಿ ಇದ್ದದ್ದು. ನಾನು ಹೇಳಿದ್ದೇನೆ. ಮಾಲತಿ ಅತ್ತಿಗೆಗೂ ನಿನ್ನೆ ತುಳಸಿ ಪೂಜೆಗೆ ಬಂದಾಗ ನಾನೇ ಹೇಳಿದೆ. ಈ ಹೊತ್ತಿಗೆ ಕುಮಟಾದಲ್ಲಿ ಎಲ್ಲರೂ ನಗುತ್ತಿರಬೇಕು. ನಗಲಿ, ನನಗೇ ನಗು ತಡೆಯಲಾಗುವುದಿಲ್ಲ.

ಬರುವ ಭಾನುವಾರ ಭಟ್ಕಳದಿಂದ ಬ್ಯಾಂಕಿನಲ್ಲಿ ಇರುವ ಹುಡುಗ ನಿನ್ನನ್ನು ನೋಡಲು ಬರುತ್ತಾನೆ ಎಂದು ಕೇಳಿದೆ. ಒಳ್ಳೆಯ ಮನೆಯಂತೆ. ನಿನಗೆ ಅಲ್ಲೇ ಮನಸ್ಸಾದರೆ ನನ್ನ ಆಶೀರ್ವಾದ ಅಲ್ಲಿಗೂ ಬರುತ್ತದೆ. ಮೇಲೆ ಬಿಟ್ಟ ಜಾಗ 'ಕುಂ. ಸೌ.' ಎಂದು ಬರೆಯಲಿಕ್ಕೆ. ಲಗ್ನಪತ್ರಿಕೆಯಲ್ಲಿ ಮದುಮಗಳ ಹೆಸರಿನ ಹಿಂದೆ ಬರೆಯುತ್ತಾರಲ್ಲ, ಅದು. ಪೆನ್ನು ಎರಡು ಸಲ ಅಲ್ಲಿಗೆ ಹೋಯಿತು, ತಡೆದೆ. ಬರೆಯುವವಳು ನೀನು.

ನಾಗುವಿನ ತಂಗಿ ನಾಳೆ ಹೊನ್ನಾವರಕ್ಕೆ ಬರುವವಳಿದ್ದಾಳೆ, ಅವಳ ಕೈಯಲ್ಲಿ ಈ ಪತ್ರವನ್ನೂ ಒಂದು ಡಬ್ಬಿ ಸುಕ್ಕಿನುಂಡೆಯನ್ನೂ ಕಳುಹಿಸುತ್ತೇನೆ. ಅವಲಕ್ಕಿ ಮುಟ್ಟಲಿಲ್ಲ, ಇದನ್ನಾದರೂ ತಿನ್ನು. ನಿನ್ನ ಅಮ್ಮನಿಗೂ ಮಾವನಿಗೂ ನಮಸ್ಕಾರ ತಿಳಿಸು.

ಇಂತಿ,
ನಿನಗೆ ಯಾರು ಎಂದು ಇನ್ನೂ ಗೊತ್ತಿಲ್ಲದ,
ಮಂಗಲಾ

ಮತ್ತೊಂದು ಮಾತು: ಉಪವಾಸದ ದಿನ ಸುಳ್ಳು ಬರೆಯಬಾರದು ಎಂದೆನಲ್ಲ, ಅದಕ್ಕೆ ಇದನ್ನೂ ಹೇಳುತ್ತೇನೆ. ಇಂದು ಪೂಜೆ ಮುಗಿಸಿ ಏ‌ಳುವಾಗ ಒಂದು ಬಿಲ್ವದ ಎಲೆ ಉಳಿದಿತ್ತು. ಜಗಲಿಗೆ ಬರುವಾಗ ಅದು ನನ್ನ ಕೈಯಲ್ಲೇ ಇತ್ತು, ಈಗ ಇಲ್ಲ. ಎಲ್ಲಿಟ್ಟೆ ಎಂದು ಕೇಳಬೇಡ.

ಡಬ್ಬಿ ತರಲು ಶುಕ್ರವಾರ ವಿಶಾಲನನ್ನು ಕಳುಹಿಸುತ್ತೇನೆ. ಒಂದು ಡಬ್ಬಿ ತರುವುದಿದೆ, ಹೊನ್ನಾವರಕ್ಕೆ ಹೋಗಿ ಬಾ ಎಂದಷ್ಟೇ ಹೇಳಿದ್ದೇನೆ, ಯಾರ ಮನೆ ಎಂದು ಹೇಳಲಿಲ್ಲ, ಅವನೂ ಕೇಳಲಿಲ್ಲ. ಶುಕ್ರವಾರಕ್ಕೆ ಇನ್ನೂ ನಾಲ್ಕು ದಿನ ಇದೆ, ಸಂಜೆ ಕೆಲಸದಿಂದ ಬಂದವ ಒಳಗೆ ಈಗಲೇ ಶರ್ಟಿಗೆ ಇಸ್ತ್ರಿ ಹಾಕುತ್ತಿದ್ದಾನೆ. ಹಾಡೂ ಕೇಳುತ್ತಿದೆ. ಬಂದ ಡಬ್ಬಿಯನ್ನು ಖಾಲಿ ತಿರುಗಿಸುವ ಪದ್ಧತಿ ನಿಮ್ಮಲ್ಲೂ ಇರಲಿಕ್ಕಿಲ್ಲ. ಉತ್ತರ ಎಂತದೇ ಇರಲಿ, ಅದರೊಳಗೆ ಇಟ್ಟು ಅವನ ಕೈಯಲ್ಲೇ ಕೊಡು.